ಜನೆರಿಕ್ ಮಾತ್ರೆಯೂ ಕಂಪನಿ ಮಾತ್ರೆಯೂ ಒಂದೆಯೇ? ತಾಯಿಯ ಔಷಧ ಬದಲಿಸುವ ಮುನ್ನ ಒಂದು ಪ್ರಶ್ನೆ

ಡೋಣಿದಂಡೆ (ವಿಜಯಪುರ)

ಎಲ್ಲರಿಗೂ ನಮಸ್ಕಾರ. ಎಪ್ಪತ್ತು ದಾಟಿದ ನನ್ನ ತಾಯಿಯವರು ರಕ್ತದೊತ್ತಡಕ್ಕೆ ಟೆಲ್ಮಿಸಾರ್ಟನ್, ಸಕ್ಕರೆ ಕಾಯಿಲೆಗೆ ಎಸ್.ಆರ್. (ನಿಧಾನ ಬಿಡುಗಡೆ) ಎಂದು ಬರೆದಿರುವ ಮೆಟ್‌ಫಾರ್ಮಿನ್, ಥೈರಾಯ್ಡಿಗೆ ಲಿವೋಥೈರಾಕ್ಸಿನ್ ಮಾತ್ರೆಗಳನ್ನು ಹಲವು ವರ್ಷಗಳಿಂದ ನಿತ್ಯ ಸೇವಿಸುತ್ತಿದ್ದಾರೆ. ಮೂರನ್ನೂ ವೈದ್ಯರು ಹೆಸರಾಂತ ಕಂಪನಿಗಳ ಹೆಸರಿನಲ್ಲೇ ಬರೆದುಕೊಡುತ್ತಾರೆ. ನಾವು ಗಾಂಧಿ ಚೌಕದ ಹತ್ತಿರದ ಅಂಗಡಿಯಿಂದ ತರುತ್ತೇವೆ. ಇಂಡಿ ಪಟ್ಟಣದಲ್ಲಿರುವ ನನ್ನ ಅಕ್ಕ ತಮ್ಮ ಮನೆಯವರ ಔಷಧಗಳನ್ನೆಲ್ಲ ಜನೌಷಧಿ ಕೇಂದ್ರದಿಂದಲೇ ತರಿಸತೊಡಗಿ ತಿಂಗಳ ಖರ್ಚನ್ನು ಅರ್ಧಕ್ಕಿಂತ ಕೆಳಗಿಳಿಸಿದ್ದಾರೆ. ಅವ್ವನದನ್ನೂ ಬದಲಿಸು ಎಂದು ಒತ್ತಾಯಿಸುತ್ತಿದ್ದಾರೆ. ಅವ್ವ ಮಾತ್ರ ‘ಅಗ್ಗದ ಗುಳಿಗಿ ನುಂಗಿ ಬ್ಯಾನಿ ಬೆಳಸೂದು ಬ್ಯಾಡ’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ.

ನನ್ನ ಪ್ರಶ್ನೆ ನೇರವಾದದ್ದು. ಬೆಲೆಯಲ್ಲಿ ಇಷ್ಟು ಅಂತರವಿರುವಾಗ ಒಳಗಿನ ಔಷಧದಲ್ಲಿ ಅಂತರವಿಲ್ಲವೆಂದು ಯಾವ ಆಧಾರದ ಮೇಲೆ ನಂಬಬೇಕು? ನಂಬುವುದಾದರೆ ಮೂರನ್ನೂ ಒಂದೇ ಸಲ ಬದಲಿಸಬಹುದೇ? ‘ನಮಗೇನೂ ಆಗಿಲ್ಲ, ನೀವೂ ತಗೊಳ್ಳಿ’ ಎನ್ನುವ ಉತ್ತರಗಳು ಮನೆಯಲ್ಲೇ ಸಾಕಷ್ಟು ಸಿಕ್ಕಿವೆ. ಕಾರಣ ಸಹಿತ ಹೇಳಬಲ್ಲವರು ಹೇಳಬೇಕೆಂದು ವಿನಂತಿ.

ನವನಗರ ಫಾರ್ಮಾಸಿಸ್ಟ್ (ಬಾಗಲಕೋಟೆ)

ಸರ್, ಮೊದಲು ಒಂದು ಗಂಟು ಬಿಡಿಸಿಕೊಳ್ಳೋಣ. ತಮ್ಮ ತಾಯಿಯವರು ಈಗ ಸೇವಿಸುತ್ತಿರುವ ‘ಕಂಪನಿ ಮಾತ್ರೆ’ಗಳೂ ಬಹುತೇಕ ಜನೆರಿಕ್ಕೇ ಆಗಿರುತ್ತವೆ. ಟೆಲ್ಮಿಸಾರ್ಟನ್ ಅನ್ನು ಮೊದಲು ಮಾರುಕಟ್ಟೆಗೆ ತಂದದ್ದು ಜರ್ಮನಿಯ ಬೋರಿಂಗರ್ ಇಂಗೆಲ್‌ಹೈಮ್ ಸಂಸ್ಥೆ. ಪೇಟೆಂಟ್ ಅವಧಿ ಮುಗಿದ ಮೇಲೆ ಅದೇ ಅಣುವನ್ನು ಇತರ ಕಂಪನಿಗಳು ತಯಾರಿಸಿ, ತಮ್ಮ ತಮ್ಮ ಹೆಸರಿಟ್ಟು, ಪ್ರತಿನಿಧಿಗಳನ್ನು ವೈದ್ಯರ ಬಳಿಗೆ ಕಳುಹಿಸಿ ಮಾರಾಟ ಮಾಡುತ್ತಿವೆ. ವ್ಯಾಪಾರದಲ್ಲಿ ಇವಕ್ಕೆ ಬ್ರ್ಯಾಂಡೆಡ್ ಜನೆರಿಕ್ ಎನ್ನುತ್ತೇವೆ. ಜ್ವರ ಬಂದಾಗ ಜನ ಕೇಳುವ ಡೋಲೋ, ಕ್ರೋಸಿನ್, ಕ್ಯಾಲ್ಪಾಲ್ ಮೂರೂ ಪ್ಯಾರಾಸಿಟಮಾಲ್ ಎಂಬುದು ಅನೇಕರಿಗೆ ಗೊತ್ತಿದೆ. ಬಿಪಿ, ಶುಗರ್ ಮಾತ್ರೆಗಳ ಕಥೆಯೂ ಅದೇ ಎಂಬುದು ಅಷ್ಟಾಗಿ ಗೊತ್ತಿಲ್ಲ.

ನಮ್ಮ ದೇಶದಲ್ಲಿ ಹೀಗಾಗಲು ಕಾಯ್ದೆಯ ಹಿನ್ನೆಲೆಯಿದೆ. 1970ರ ಪೇಟೆಂಟ್ ಕಾಯ್ದೆ ಔಷಧದ ತಯಾರಿಕಾ ವಿಧಾನಕ್ಕೆ ಮಾತ್ರ ಪೇಟೆಂಟ್ ಕೊಡುತ್ತಿತ್ತು, ಔಷಧಕ್ಕೇ ಅಲ್ಲ. ಬೇರೆ ವಿಧಾನದಿಂದ ಅದೇ ಅಣುವನ್ನು ಮಾಡಬಲ್ಲವರಿಗೆ ಬಾಗಿಲು ತೆರೆದೇ ಇತ್ತು. 2005ರ ಜನವರಿಯಿಂದ ಉತ್ಪನ್ನಕ್ಕೂ ಪೇಟೆಂಟ್ ಬಂದಿತು, ಅವಧಿ 20 ವರ್ಷ. ಆ ಅವಧಿ ಮುಗಿದೊಡನೆ ಏನಾಗುತ್ತದೆಂಬುದನ್ನು ನನ್ನ ಕೌಂಟರಿನಲ್ಲೇ ಕಂಡಿದ್ದೇನೆ. ಸಕ್ಕರೆ ಕಾಯಿಲೆಯ ಎಂಪಾಗ್ಲಿಫ್ಲೋಜಿನ್ ಪೇಟೆಂಟ್ 2025ರ ಮಾರ್ಚ್‌ನಲ್ಲಿ ಮುಗಿಯಿತು. ಸುಮಾರು 60 ರೂಪಾಯಿಯ ಮಾತ್ರೆಗೆ ಬದಲಾಗಿ ಕೆಲವೇ ದಿನಗಳಲ್ಲಿ 10 ರೂಪಾಯಿಗಿಂತ ಕಡಿಮೆ ಬೆಲೆಯ ಮಾತ್ರೆಗಳು ಬಂದವು. ಔಷಧದ ಗುಣ ಆ ವಾರದಲ್ಲಿ ಕುಸಿಯಲಿಲ್ಲ, ಏಕಸ್ವಾಮ್ಯ ಮುಗಿಯಿತು ಅಷ್ಟೇ.

ಹಾಗಾಗಿ ತಮ್ಮ ಮುಂದಿರುವ ಪ್ರಶ್ನೆ ಬ್ರ್ಯಾಂಡೋ ಜನೆರಿಕ್ಕೋ ಎಂಬುದಲ್ಲ, ಯಾರು ಮಾಡಿದ ಜನೆರಿಕ್ ಎಂಬುದು. ಮನೆಯಲ್ಲಿರುವ ಸ್ಟ್ರಿಪ್ ತಿರುಗಿಸಿ ನೋಡಿ. ಒಂದೇ ಔಷಧವಿರುವ ಮಾತ್ರೆಗಳಲ್ಲಿ ಔಷಧದ ಮೂಲ ಹೆಸರನ್ನು ಬ್ರ್ಯಾಂಡ್ ಹೆಸರಿಗಿಂತ ಎರಡು ಅಳತೆ ದೊಡ್ಡ ಅಕ್ಷರದಲ್ಲಿ ಮುದ್ರಿಸಬೇಕೆಂಬ ನಿಯಮ 2018ರ ಸೆಪ್ಟೆಂಬರ್‌ನಿಂದ ಇದೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ತಯಾರಕರ ಹೆಸರು, ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ ಇರುತ್ತವೆ. ಮಾರುವ ಕಂಪನಿ ಒಂದು, ತಯಾರಿಸಿದ ಕಾರ್ಖಾನೆ ಇನ್ನೊಂದು ಎಂಬುದು ಅಲ್ಲಿ ಮೇಲಿಂದ ಮೇಲೆ ಕಾಣುತ್ತದೆ. ದೊಡ್ಡ ಹೆಸರಿನ ಎಷ್ಟೋ ಮಾತ್ರೆಗಳು ಹಿಮಾಚಲದ ಬದ್ದಿಯಲ್ಲೋ ಉತ್ತರಾಖಂಡದಲ್ಲೋ ಗುತ್ತಿಗೆಯ ಮೇಲೆ ತಯಾರಾಗಿ ಬಂದವುಗಳೇ.

ಮಲಪ್ರಭಾ (ಖಾನಾಪುರ)

ಎಲ್ಲವೂ ಸರಿ. ಆದರೆ ಜನೆರಿಕ್ ಮಾತ್ರೆಯಲ್ಲಿ ಶೇಕಡಾ 20ರಷ್ಟು ಔಷಧ ಕಡಿಮೆ ಇರಲು ಕಾನೂನೇ ಅವಕಾಶ ಕೊಟ್ಟಿದೆಯೆಂದು ಬೆಳಗಾವಿಯ ಒಬ್ಬ ವೈದ್ಯರ ಬಾಯಿಂದಲೇ ಕೇಳಿದ್ದೇನೆ. ಅಮೆರಿಕದಲ್ಲೂ ಇದೇ ನಿಯಮವಂತೆ. ಹಾಗಿದ್ದರೆ ‘ಒಂದೇ ಔಷಧ’ ಎನ್ನುವ ಮಾತಿಗೆ ಏನರ್ಥ?

ಔಷಧಶಾಸ್ತ್ರ ಬೋಧಕ (ಬೆಳಗಾವಿ)

ಮೇಡಂ, ಈ ಶೇಕಡಾ 20ರ ಮಾತು ಓದಿದವರ ನಡುವೆಯೂ ಗಟ್ಟಿಯಾಗಿ ಬೇರೂರಿದೆ. ಇಲ್ಲಿ ಎರಡು ಬೇರೆ ಬೇರೆ ಅಳತೆಗಳು ಕಲಸಿಹೋಗಿವೆ.

ಒಂದು, ಮಾತ್ರೆಯೊಳಗೆ ಎಷ್ಟು ಔಷಧವಿದೆ ಎಂಬುದು. ಇದನ್ನು ಔಷಧಗಳ ಗುಣಮಟ್ಟದ ಅಧಿಕೃತ ಗ್ರಂಥವಾದ ಇಂಡಿಯನ್ ಫಾರ್ಮಾಕೋಪಿಯ ನಿಗದಿ ಮಾಡುತ್ತದೆ. ಪ್ಯಾರಾಸಿಟಮಾಲ್ ಮಾತ್ರೆಯಲ್ಲಿ ಲೇಬಲ್ಲಿನಲ್ಲಿ ಹೇಳಿದ್ದರ ಶೇ. 95ರಿಂದ 105ರೊಳಗೆ ಔಷಧ ಇರಬೇಕು. ಬೇರೆ ಕೆಲವು ಔಷಧಗಳಿಗೆ ಈ ಮಿತಿ ಶೇ. 90ರಿಂದ 110. ಮಿತಿ ಎಲ್ಲರಿಗೂ ಒಂದೇ. ಮೂಲ ಕಂಪನಿಗೆ ಒಂದು, ಜನೆರಿಕ್ಕಿಗೆ ಇನ್ನೊಂದು ಎಂದಿಲ್ಲ.

ಇನ್ನೊಂದು, ನುಂಗಿದ ಮೇಲೆ ರಕ್ತಕ್ಕೆ ಎಷ್ಟು ಔಷಧ, ಎಷ್ಟು ಬೇಗ ಸೇರುತ್ತದೆ ಎಂಬುದು. ಇದನ್ನು ಜೈವಿಕ ಸಮಾನತೆಯ ಪರೀಕ್ಷೆ ಎನ್ನುತ್ತಾರೆ. ಸಾಮಾನ್ಯವಾಗಿ ಎರಡು ಮೂರು ಡಜನ್ ಆರೋಗ್ಯವಂತ ಸ್ವಯಂಸೇವಕರಿಗೆ ಒಮ್ಮೆ ಮೂಲ ಮಾತ್ರೆಯನ್ನೂ, ಅದು ದೇಹದಿಂದ ಪೂರ್ತಿ ಹೋದ ಮೇಲೆ ಮತ್ತೊಮ್ಮೆ ಜನೆರಿಕ್ ಮಾತ್ರೆಯನ್ನೂ ಕೊಟ್ಟು, ಪ್ರತಿ ಸಲವೂ ಗಂಟೆಗಂಟೆಗೆ ರಕ್ತದ ಮಾದರಿ ತೆಗೆಯುತ್ತಾರೆ. ರಕ್ತಕ್ಕೆ ಸೇರಿದ ಒಟ್ಟು ಪ್ರಮಾಣ ಮತ್ತು ತಲುಪಿದ ಗರಿಷ್ಠ ಮಟ್ಟ, ಈ ಎರಡರಲ್ಲೂ ಜನೆರಿಕ್ಕಿನ ಸರಾಸರಿಯನ್ನು ಮೂಲದ ಸರಾಸರಿಯಿಂದ ಭಾಗಿಸಿ ಅನುಪಾತ ಕಂಡುಕೊಳ್ಳುತ್ತಾರೆ. ನಿಯಮವಿರುವುದು ಈ ಸರಾಸರಿ 80ರಿಂದ 125ರೊಳಗೆ ಇರಲಿ ಎಂದಲ್ಲ. ಸರಾಸರಿಯ ಸುತ್ತ ಸಂಖ್ಯಾಶಾಸ್ತ್ರದ ಲೆಕ್ಕದಿಂದ ಬರುವ ಶೇ. 90ರ ವಿಶ್ವಾಸ ವ್ಯಾಪ್ತಿ (ನಿಜವಾದ ಅನುಪಾತ ಇರಬಹುದಾದ ಹರವು) ಇಡಿಯಾಗಿ, ಎರಡೂ ತುದಿಗಳ ಸಮೇತ, ಶೇ. 80 ಮತ್ತು 125ರ ನಡುವೆ ಕೂರಬೇಕು ಎಂದು. ಸರಾಸರಿಯೇ 80ರ ಹತ್ತಿರವಿದ್ದರೆ ವ್ಯಾಪ್ತಿಯ ಕೆಳತುದಿ ಹೊರಗೆ ಚಾಚಿ ಮಾತ್ರೆ ಅನುತ್ತೀರ್ಣವಾಗುತ್ತದೆ. ಉತ್ತೀರ್ಣವಾಗಬೇಕಾದರೆ ಸರಾಸರಿ ನೂರರ ಆಸುಪಾಸಿನಲ್ಲೇ ಇರಬೇಕಾಗುತ್ತದೆ.

ಕಾಗದದ ಮೇಲಿನ ಈ ಲೆಕ್ಕ ವಾಸ್ತವದಲ್ಲಿ ಹೇಗೆ ನಡೆದಿದೆ ಎಂಬುದಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್.ಡಿ.ಎ. 1996ರಿಂದ 2007ರವರೆಗೆ ತನ್ನ ಮುಂದೆ ಬಂದ 2,070 ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿತು. ರಕ್ತಕ್ಕೆ ಸೇರಿದ ಒಟ್ಟು ಪ್ರಮಾಣದಲ್ಲಿ ಮೂಲಕ್ಕೂ ಜನೆರಿಕ್ಕಿಗೂ ಇದ್ದ ಸರಾಸರಿ ವ್ಯತ್ಯಾಸ ಶೇ. 3.56, ಗರಿಷ್ಠ ಮಟ್ಟದಲ್ಲಿ ಶೇ. 4.35. ಒಂದೇ ಬ್ರ್ಯಾಂಡಿನ ಎರಡು ಬ್ಯಾಚುಗಳ ನಡುವೆಯೂ ಅಲ್ಪಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ ಎಂಬುದನ್ನು ಇದರ ಜೊತೆಗಿಟ್ಟು ನೋಡಬೇಕು. ಒಂದೇ ಮಾತ್ರೆಯನ್ನು ಊಟಕ್ಕೆ ಮುಂಚೆ ನುಂಗುವುದಕ್ಕೂ ಊಟವಾದ ಮೇಲೆ ನುಂಗುವುದಕ್ಕೂ ಕೆಲವು ಔಷಧಗಳಲ್ಲಿ ಇದಕ್ಕಿಂತ ದೊಡ್ಡ ವ್ಯತ್ಯಾಸ ಬರುತ್ತದೆ.

ನಿಜವಾಗಿ ಬೇರೆಯಾಗಿರುವುದು ಮಾತ್ರೆಯ ಬಣ್ಣ, ಆಕಾರ, ಹೊರಲೇಪ, ಮತ್ತು ಔಷಧದ ಜೊತೆ ಸೇರಿಸುವ ಪಿಷ್ಟ, ಲ್ಯಾಕ್ಟೋಸ್ ಮುಂತಾದ ಪೂರಕ ವಸ್ತುಗಳು. ಇವು ಅಪರೂಪಕ್ಕೆ ಕೆಲವರಿಗೆ ಒಗ್ಗದಿರಬಹುದು.

ಎಂ.ಡಿ. ವೈದ್ಯ (ವಿಜಯಪುರ)

ಬೋಧಕರು ಹೇಳಿದ್ದೆಲ್ಲ ನಿಜ, ಆದರೆ ಅದು ಅಮೆರಿಕದ ನಿಜ. ನಾನು ಚೀಟಿಯಲ್ಲಿ ಬ್ರ್ಯಾಂಡ್ ಹೆಸರು ಬರೆಯುವವನು. ಏಕೆ ಬರೆಯುತ್ತೇನೆಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ನಮ್ಮಲ್ಲಿ ಹಿಂದಿನ ಪದ್ಧತಿಯೇನಿತ್ತು? ಯಾವುದೇ ಔಷಧ ದೇಶದಲ್ಲಿ ಮೊದಲು ಅನುಮೋದನೆ ಪಡೆದು ನಾಲ್ಕು ವರ್ಷ ದಾಟಿದರೆ ಅದು ‘ಹೊಸ ಔಷಧ’ವಾಗಿ ಉಳಿಯುತ್ತಿರಲಿಲ್ಲ, ಆಮೇಲೆ ಬರುವ ತಯಾರಕರು ಜೈವಿಕ ಸಮಾನತೆಯನ್ನು ತೋರಿಸದೆಯೇ ತಮ್ಮ ರಾಜ್ಯದ ಪ್ರಾಧಿಕಾರದಿಂದ ಲೈಸೆನ್ಸ್ ಪಡೆಯಬಹುದಿತ್ತು. 2017ರ ಏಪ್ರಿಲ್‌ನಲ್ಲಿ ನಿಯಮ ಬದಲಾಗಿ, ನೀರಿನಲ್ಲಿ ಸುಲಭವಾಗಿ ಕರಗದ ಔಷಧಗಳಿಗೆ, ಅಂದರೆ ವೈಜ್ಞಾನಿಕ ವರ್ಗೀಕರಣದ ಎರಡನೆಯ ಮತ್ತು ನಾಲ್ಕನೆಯ ವರ್ಗದವಕ್ಕೆ, ಈ ಪರೀಕ್ಷೆ ಕಡ್ಡಾಯವಾಯಿತು. ಅದಕ್ಕೆ ಮುಂಚೆ ಲೈಸೆನ್ಸ್ ಪಡೆದು ಇಂದಿಗೂ ಮಾರಾಟವಾಗುತ್ತಿರುವ ಮಾತ್ರೆಗಳ ವಿಷಯದಲ್ಲಿ ನನ್ನ ಕೈಯಲ್ಲಿ ಯಾವ ಪುರಾವೆಯಿದೆ? ಟೆಲ್ಮಿಸಾರ್ಟನ್ ಕೂಡ ಸುಲಭವಾಗಿ ಕರಗದ ಗುಂಪಿನದೇ ಎಂಬುದನ್ನು ಪ್ರಶ್ನೆ ಕೇಳಿದವರು ಗಮನಿಸಬೇಕು.

ಎರಡನೆಯದು ಗುಣಮಟ್ಟದ ನಿಗಾ. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಆಸ್ಪತ್ರೆಯಲ್ಲಿ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಅನುಮಾನ ಬಿದ್ದದ್ದು ಸರ್ಕಾರವೇ ಪೂರೈಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ದೇಶದಾದ್ಯಂತ ನಡೆದು 2017ರಲ್ಲಿ ಪ್ರಕಟವಾದ ಔಷಧ ಸಮೀಕ್ಷೆಯಲ್ಲಿ ಖಾಸಗಿ ಅಂಗಡಿಗಳ ಮಾದರಿಗಳಲ್ಲಿ ಕಳಪೆಯೆಂದು ಕಂಡದ್ದು ಶೇ. 3ರಷ್ಟು, ಸರ್ಕಾರಿ ಮೂಲಗಳಲ್ಲಿ ಶೇ. 10ರಷ್ಟು. ಟೆಂಡರಿನಲ್ಲಿ ಅತಿ ಕಡಿಮೆ ಬೆಲೆ ಹೇಳಿದವನಿಗೇ ಕೊಡುವ ಪದ್ಧತಿಗೂ ಇದಕ್ಕೂ ಸಂಬಂಧವಿಲ್ಲವೆಂದು ನಾನು ನಂಬಲಾರೆ.

ಮೂರನೆಯ ಕಾರಣವೇ ನನಗೆ ಎಲ್ಲಕ್ಕಿಂತ ಮುಖ್ಯ. ನಾನು ಔಷಧದ ಮೂಲ ಹೆಸರನ್ನಷ್ಟೇ ಬರೆದರೆ ಯಾವ ಕಂಪನಿಯದನ್ನು ಕೊಡಬೇಕೆಂಬ ಆಯ್ಕೆ ರೋಗಿಗೆ ಸಿಗುವುದಿಲ್ಲ, ಅಂಗಡಿಯವರಿಗೆ ಹೋಗುತ್ತದೆ. ರೋಗಿಯ ಬಿಪಿ ಇಳಿಯದಿದ್ದರೆ ಜವಾಬ್ದಾರಿ ಮಾತ್ರ ನನ್ನದು. 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಜನೆರಿಕ್ ಹೆಸರನ್ನು ಕಡ್ಡಾಯ ಮಾಡಿ, ಅದೇ ತಿಂಗಳಲ್ಲೇ ಆ ನಿಯಮಾವಳಿಯನ್ನು ತಡೆಹಿಡಿದದ್ದು ಇಂಥ ಆಕ್ಷೇಪಗಳ ನಡುವೆಯೇ.

ಮಲಪ್ರಭಾ (ಖಾನಾಪುರ)

ಡಾಕ್ಟರೇ, ತಮ್ಮ ಮೂರು ಕಾರಣಗಳ ಜೊತೆ ನಾಲ್ಕನೆಯದೊಂದು ಇದೆಯೆಂದು ಜನ ಆಡಿಕೊಳ್ಳುತ್ತಾರೆ. ಕ್ಲಿನಿಕ್ಕಿನಲ್ಲಿ ನಮ್ಮ ಪಾಳಿ ಬರುವ ಮುನ್ನ ಟೈ ಕಟ್ಟಿ ಬ್ಯಾಗು ಹಿಡಿದವರು ಒಳಗೆ ಹೋಗಿ ಬರುವುದನ್ನು ನಾವೂ ನೋಡುತ್ತೇವೆ.

ಎಂ.ಡಿ. ವೈದ್ಯ (ವಿಜಯಪುರ)

ನೋಡುತ್ತೀರಿ, ಸರಿಯಾಗಿಯೇ ನೋಡುತ್ತೀರಿ. ಉಡುಗೊರೆ ಮತ್ತು ಪ್ರವಾಸಗಳನ್ನು ನಿಷೇಧಿಸುವ ಮಾರಾಟ ಸಂಹಿತೆಯನ್ನು ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಹೊರಡಿಸಬೇಕಾಗಿ ಬಂದದ್ದೇ ಆ ರೋಗ ಇದೆ ಎಂಬುದಕ್ಕೆ ಸಾಕ್ಷಿ. ಆದರೆ ಪ್ರತಿನಿಧಿಗಳು ಬರುತ್ತಾರೆಂಬ ಕಾರಣಕ್ಕೆ ನನ್ನ ಮೂರು ಕಾರಣಗಳು ಸುಳ್ಳಾಗುವುದಿಲ್ಲ.

ನವನಗರ ಫಾರ್ಮಾಸಿಸ್ಟ್ (ಬಾಗಲಕೋಟೆ)

ಡಾಕ್ಟರು ಅಂಗಡಿಯವರತ್ತ ಬೆರಳು ತೋರಿಸಿದ್ದಾರೆ, ಅದರಲ್ಲಿ ಹುರುಳಿದೆ. ಜನೌಷಧಿ ಕೇಂದ್ರದ ಹೊರಗೆ, ಸಾಮಾನ್ಯ ಮೆಡಿಕಲ್ ಅಂಗಡಿಗಳಲ್ಲಿ ‘ಜನೆರಿಕ್’ ಎಂದು ಮಾರುವುದು ಬಹುತೇಕ ಇನ್ನೊಂದು ಜಾತಿಯ ಮಾಲು. ಅದಕ್ಕೆ ನಾವು ಟ್ರೇಡ್ ಜನೆರಿಕ್ ಎನ್ನುತ್ತೇವೆ. ಇದನ್ನು ದೊಡ್ಡ ಕಂಪನಿಗಳೂ ಮಾಡುತ್ತವೆ. ವೈದ್ಯರ ಬಳಿಗೆ ಪ್ರತಿನಿಧಿಗಳನ್ನು ಕಳುಹಿಸುವುದಿಲ್ಲ, ಆ ಖರ್ಚಿನ ದುಡ್ಡು ಮಾರ್ಜಿನ್ ರೂಪದಲ್ಲಿ ಅಂಗಡಿಗೆ ಬರುತ್ತದೆ. ಸ್ಟ್ರಿಪ್ ಮೇಲೆ ಬ್ರ್ಯಾಂಡಿಗೆ ಸಮೀಪದ ಎಂ.ಆರ್.ಪಿ. ಮುದ್ರಿತವಾಗಿರುತ್ತದೆ, ಸ್ಟಾಕಿಸ್ಟ್ ನಮಗೆ ಕೊಡುವುದು ಅದರ ಸಣ್ಣದೊಂದು ಪಾಲಿಗೆ. ನೂರು ರೂಪಾಯಿ ಮುದ್ರಿತವಾದ ಸ್ಟ್ರಿಪ್ಪಿಗೆ ಅರ್ಧ ಬೆಲೆ ಬಿಟ್ಟೆ ಎಂದು ಅಂಗಡಿಯವರು ಹೇಳಿದಾಗ ಗಿರಾಕಿ ಸಂತೋಷಪಡುತ್ತಾರೆ. ಉಳಿದ ಅರ್ಧದಲ್ಲಿ ಅಂಗಡಿಯವರ ಖರೀದಿ ಎಷ್ಟು ಎಂಬುದು ಬಿಲ್ಲಿನಲ್ಲಿ ಕಾಣುವುದಿಲ್ಲ. ಜನೌಷಧಿಯಲ್ಲಿ ಮುದ್ರಿತ ಬೆಲೆಯೇ ಕಡಿಮೆ. ಇವೆರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು.

ಅಗತ್ಯ ಔಷಧಗಳ ಪಟ್ಟಿಯಲ್ಲಿರುವವಕ್ಕೆ 2013ರ ಬೆಲೆ ನಿಯಂತ್ರಣ ಆದೇಶದಂತೆ ಗರಿಷ್ಠ ಬೆಲೆಯಿದ್ದು, ಶೇ. 1ಕ್ಕಿಂತ ಕಡಿಮೆಯಿಲ್ಲದ ಮಾರುಕಟ್ಟೆ ಪಾಲಿರುವ ಬ್ರ್ಯಾಂಡುಗಳ ಸರಾಸರಿಗೆ ಅಂಗಡಿಯ ಶೇ. 16 ಮಾರ್ಜಿನ್ ಸೇರಿಸಿ ಅದನ್ನು ನಿಗದಿ ಮಾಡುತ್ತಾರೆ. ಟೆಲ್ಮಿಸಾರ್ಟನ್, ಮೆಟ್‌ಫಾರ್ಮಿನ್, ಲಿವೋಥೈರಾಕ್ಸಿನ್ ಆ ಪಟ್ಟಿಯಲ್ಲಿವೆ. ಪಟ್ಟಿಯಿಂದ ಹೊರಗಿರುವ ಜೋಡಿ ಮಾತ್ರೆಗಳಿಗೆ ಈ ಗರಿಷ್ಠ ಬೆಲೆ ಅನ್ವಯಿಸುವುದಿಲ್ಲ.

ಕಾನೂನಿನ ಮಾತೊಂದನ್ನು ಹೇಳಬೇಕು. ವೈದ್ಯರ ಚೀಟಿಯಿದ್ದರೆ ಮಾತ್ರ ಮಾರಬಹುದಾದ ಷೆಡ್ಯೂಲ್ ಎಚ್ ಔಷಧವನ್ನು ಚೀಟಿಯಲ್ಲಿ ಬ್ರ್ಯಾಂಡ್ ಹೆಸರಿನಿಂದ ಬರೆದಿದ್ದರೆ, ಒಳಗಿನ ಔಷಧ ಅದೇ ಆಗಿದ್ದರೂ ಬೇರೆ ಬ್ರ್ಯಾಂಡನ್ನು ನಾವಾಗಿಯೇ ಕೊಡುವಂತಿಲ್ಲ. 1945ರ ಔಷಧ ನಿಯಮಗಳಲ್ಲಿ ಅದು ಸ್ಪಷ್ಟವಾಗಿದೆ. ಆದ್ದರಿಂದ ಡೋಣಿದಂಡೆಯವರೇ, ವೈದ್ಯರಿಗೆ ತಿಳಿಸದೆ ಅಂಗಡಿಯಲ್ಲೇ ಬದಲಿಸಿಕೊಳ್ಳುವ ಬದಲು ‘ಮೂಲ ಹೆಸರು ಬರೆದುಕೊಡಿ’ ಎಂದು ವೈದ್ಯರನ್ನೇ ಕೇಳುವುದು ಸರಿಯಾದ ದಾರಿ.

ಘಟಪ್ರಭಾ (ಗೋಕಾಕ)

ನನ್ನ ತಮ್ಮನಿಗೆ ಮೂರ್ಛೆರೋಗವಿದೆ, ಕಾರ್ಬಮಜೆಪಿನ್ ನಡೆಯುತ್ತಿದೆ. ಕಳೆದ ವರ್ಷ ಬರೆದ ಕಂಪನಿಯದು ಸಿಗದೆ ಅಂಗಡಿಯವರು ‘ಅದೇ ಔಷಧ ರೀ, ಕಂಪನಿ ಅಷ್ಟ ಬ್ಯಾರೆ’ ಎಂದು ಬೇರೆಯದನ್ನು ಕೊಟ್ಟರು. ಅದಾದ ಮೇಲೆ ಬಹುಕಾಲದಿಂದ ನಿಂತಿದ್ದ ಫಿಟ್ಸ್ ಮತ್ತೆ ಬಂದಿತು. ಮಾತ್ರೆ ಬದಲಾದದ್ದೇ ಕಾರಣವೋ, ಆ ವಾರ ಮದುವೆ ಮನೆಯಲ್ಲಿ ಆದ ನಿದ್ದೆಗೇಡು ಕಾರಣವೋ ಎಂದು ಖಚಿತವಾಗಿ ಹೇಳಲಾಗದೆಂದು ನರರೋಗ ತಜ್ಞರು ಹೇಳಿದರು. ಆದರೂ ಇನ್ನು ಮುಂದೆ ಕಂಪನಿ ಬದಲಿಸಬೇಡಿ ಎಂದು ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ ಬರೆದುಕೊಟ್ಟರು. ಶೇ. 3ರ ವ್ಯತ್ಯಾಸ ದೊಡ್ಡದಲ್ಲ ಎನ್ನುವುದಾದರೆ ತಜ್ಞರು ಹೀಗೇಕೆ ಬರೆದರು?

ಔಷಧಶಾಸ್ತ್ರ ಬೋಧಕ (ಬೆಳಗಾವಿ)

ಅವರು ಬರೆದದ್ದು ಸರಿ. ಬಹುಪಾಲು ಔಷಧಗಳಲ್ಲಿ ರಕ್ತದ ಮಟ್ಟ ಸ್ವಲ್ಪ ಏರಿಳಿದರೆ ದೇಹಕ್ಕೆ ಅದು ಗೊತ್ತೂ ಆಗುವುದಿಲ್ಲ. ಆದರೆ ಕೆಲವೇ ಔಷಧಗಳಲ್ಲಿ ಕೆಲಸ ಮಾಡುವ ಮಟ್ಟಕ್ಕೂ ವಿಷವಾಗುವ ಮಟ್ಟಕ್ಕೂ ನಡುವಿನ ಅಂತರ ಬಹಳ ಕಿರಿದು. ಫೆನಿಟಾಯಿನ್, ಕಾರ್ಬಮಜೆಪಿನ್, ವಾರ್ಫರಿನ್, ಲಿಥಿಯಂ, ಡಿಗಾಕ್ಸಿನ್, ಕಿಡ್ನಿ ಕಸಿಯಾದವರಿಗೆ ಕೊಡುವ ಟ್ಯಾಕ್ರೋಲಿಮಸ್ ಮತ್ತು ಸೈಕ್ಲೋಸ್ಪೋರಿನ್ ಇಂಥವು. ಯುರೋಪಿನಲ್ಲಿ ಇಂಥವುಗಳ ಜೈವಿಕ ಸಮಾನತೆಯ ಮಿತಿಯನ್ನೇ ಶೇ. 90ರಿಂದ 111ಕ್ಕೆ ಬಿಗಿಗೊಳಿಸಿದ್ದಾರೆ. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲಿ ಮೂರ್ಛೆರೋಗದ ಔಷಧಗಳನ್ನು ಮೂರು ವರ್ಗ ಮಾಡಿ, ಫೆನಿಟಾಯಿನ್, ಕಾರ್ಬಮಜೆಪಿನ್, ಫಿನೋಬಾರ್ಬಿಟಾಲ್, ಪ್ರಿಮಿಡೋನ್ ಸೇವಿಸುವವರು ಒಂದೇ ತಯಾರಕರ ಮಾತ್ರೆಯಲ್ಲಿ ಉಳಿಯಬೇಕೆಂದಿತು. ಲೆವೆಟಿರಾಸಿಟಾಮ್‌ಗೆ ಅಂಥ ಅಗತ್ಯವಿಲ್ಲವೆಂದಿತು. ಅಂದರೆ ಫಿಟ್ಸ್ ಮಾತ್ರೆಗಳೆಲ್ಲವೂ ಒಂದೇ ಗುಂಪಲ್ಲ.

ಇಲ್ಲಿ ಬೇಕಾಗಿರುವುದು ಬ್ರ್ಯಾಂಡ್ ಅಲ್ಲ, ಬದಲಾಗದಿರುವಿಕೆ. 1968ರಲ್ಲಿ ಆಸ್ಟ್ರೇಲಿಯಾದಲ್ಲಿ ಫೆನಿಟಾಯಿನ್ ಸೇವಿಸುತ್ತಿದ್ದವರು ಇದ್ದಕ್ಕಿದ್ದಂತೆ ತೂರಾಡತೊಡಗಿದರು, ದೃಷ್ಟಿ ಮಂಜಾಯಿತು; ಪರೀಕ್ಷಿಸಿದರೆ ರಕ್ತದಲ್ಲಿ ಔಷಧದ ಮಟ್ಟ ಏರಿತ್ತು. ಯಾರೂ ಕಂಪನಿ ಬದಲಿಸಿರಲಿಲ್ಲ, ಪ್ರಮಾಣವೂ ಮೊದಲಿನದೇ. ಕ್ಯಾಪ್ಸೂಲಿನಲ್ಲಿ ತುಂಬುವ ಪೂರಕ ವಸ್ತುವನ್ನು ತಯಾರಕರು ಕ್ಯಾಲ್ಸಿಯಂ ಸಲ್ಫೇಟಿನಿಂದ ಲ್ಯಾಕ್ಟೋಸಿಗೆ ಬದಲಿಸಿದ್ದರು. ಹಳೆಯ ಪುಡಿ ಔಷಧವನ್ನು ಸ್ವಲ್ಪ ತಡೆಹಿಡಿಯುತ್ತಿತ್ತು, ಹೊಸದು ಬಿಟ್ಟುಕೊಟ್ಟಿತು. ಡಬ್ಬಿಯ ಮೇಲಿನ ಹೆಸರು ಅದೇ ಇದ್ದರೂ ಒಳಗಿನ ನಡವಳಿಕೆ ಬೇರೆಯಾಗಿತ್ತು.

ಲಿವೋಥೈರಾಕ್ಸಿನ್ ಕೂಡ ಮೈಕ್ರೋಗ್ರಾಂ ಲೆಕ್ಕದ ಔಷಧ. ಅದನ್ನು ಬದಲಿಸಬಾರದೆಂದಿಲ್ಲ; ಬದಲಿಸಿದರೆ ಆರರಿಂದ ಎಂಟು ವಾರಗಳಲ್ಲಿ ಥೈರಾಯ್ಡಿನ ಟಿ.ಎಸ್.ಎಚ್. ರಕ್ತಪರೀಕ್ಷೆ ಮಾಡಿಸಬೇಕು, ಪದೇಪದೇ ಬದಲಿಸಬಾರದು. ಎಸ್.ಆರ್. ಮಾತ್ರೆಗಳಲ್ಲಿ ಔಷಧದಷ್ಟೇ ಅದನ್ನು ಬಿಡುಗಡೆ ಮಾಡುವ ತಂತ್ರವೂ ಮುಖ್ಯ. ಅಮೆರಿಕದಲ್ಲಿ ಖಿನ್ನತೆಗೆ ಕೊಡುವ ಬುಪ್ರೊಪಿಯಾನ್‌ನ 300 ಮಿಲಿಗ್ರಾಂ ನಿಧಾನ ಬಿಡುಗಡೆಯ ಒಂದು ಜನೆರಿಕ್‌ಗೆ 150 ಮಿಲಿಗ್ರಾಂ ಮಾತ್ರೆಯ ಪರೀಕ್ಷೆಯ ಆಧಾರದ ಮೇಲೆ ಅನುಮತಿ ಕೊಟ್ಟಿದ್ದರು. ರೋಗಿಗಳ ದೂರುಗಳು ಹೆಚ್ಚಿ, ಕೊನೆಗೆ 300ನ್ನೇ ಪರೀಕ್ಷಿಸಿದಾಗ ಅದು ಸಮಾನವಲ್ಲವೆಂದು ತಿಳಿದು 2012ರಲ್ಲಿ ಮಾರುಕಟ್ಟೆಯಿಂದ ಹೊರಬಿದ್ದಿತು. ರೋಗಿಗಳ ಅನುಭವವನ್ನು ಭ್ರಮೆಯೆಂದು ತಳ್ಳಿಹಾಕಬಾರದು ಎಂಬುದಕ್ಕೆ ಇದನ್ನು ತರಗತಿಯಲ್ಲಿ ಹೇಳುತ್ತಿರುತ್ತೇನೆ.

ಡಾಕ್ಟರ ಆಕ್ಷೇಪಕ್ಕೆ ಒಂದು ಮಾತು. 2017ಕ್ಕೆ ಮುಂಚಿನ ಲೈಸೆನ್ಸುಗಳ ಸಮಸ್ಯೆ ಖಂಡಿತ ಇದೆ. ಆದರೆ ಅದು ಹೆಸರಿಲ್ಲದ ಮಾತ್ರೆಗಳಿಗೆಷ್ಟೋ ದೊಡ್ಡ ಹೆಸರಿನ ಬ್ರ್ಯಾಂಡೆಡ್ ಜನೆರಿಕ್‌ಗಳಿಗೂ ಅಷ್ಟೇ ಅನ್ವಯಿಸುತ್ತದೆ. ಎರಡೂ ಅದೇ ಬಾಗಿಲಿನಿಂದ ಬಂದವು. ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ತಿಂಗಳಿಗೊಮ್ಮೆ ಪ್ರಕಟಿಸುವ ಕಳಪೆ ಔಷಧಗಳ ಪಟ್ಟಿಯಲ್ಲಿ ಪ್ರಸಿದ್ಧ ಹೆಸರುಗಳೂ ಬಂದದ್ದಿದೆ. ಸರ್ಕಾರಿ ಮೂಲಗಳ ಶೇ. 10 ಎಂಬುದೂ ಆಸ್ಪತ್ರೆಗಳ ಪೂರೈಕೆಯ ಲೆಕ್ಕ. ಅದನ್ನು ನೇರವಾಗಿ ಜನೌಷಧಿ ಮಳಿಗೆಗೆ ಅನ್ವಯಿಸಲಾಗದು. ಜನೌಷಧಿಯವರು ಪ್ರತಿ ಬ್ಯಾಚನ್ನೂ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಮೇಲೆಯೇ ಮಳಿಗೆಗೆ ಕಳುಹಿಸುವ ಪದ್ಧತಿಯಿಟ್ಟುಕೊಂಡಿದ್ದಾರೆ.

ಕೃಷ್ಣಾತೀರ (ಜಮಖಂಡಿ)

ನಮ್ಮ ಭಾಗದ ಒಂದು ಕಷ್ಟವನ್ನು ಇಲ್ಲಿ ಸೇರಿಸುತ್ತೇನೆ. ದೊಡ್ಡ ಕಾಯಿಲೆಗೆ ನಾವು ಮಿರಜಿಗೋ ಸೊಲ್ಲಾಪುರಕ್ಕೋ ಹೋಗುತ್ತೇವೆ. ಅಲ್ಲಿನ ವೈದ್ಯರು ಬರೆದ ಬ್ರ್ಯಾಂಡ್ ಆ ಆಸ್ಪತ್ರೆಯ ಅಂಗಡಿಯಲ್ಲಿ ಸಿಗುತ್ತದೆ, ಊರಿಗೆ ಬಂದ ಮೇಲೆ ಸಿಗುವುದಿಲ್ಲ. ಮೂಲ ಹೆಸರು ಬರೆದಿದ್ದರೆ ಎಲ್ಲಿಯಾದರೂ ಕೊಳ್ಳಬಹುದಿತ್ತು. ಇತ್ತ ಜನೌಷಧಿ ಕೇಂದ್ರದಲ್ಲಿ ಈ ತಿಂಗಳು ಇದ್ದದ್ದು ಮುಂದಿನ ತಿಂಗಳು ಇರುವುದಿಲ್ಲ, ಇದ್ದರೂ ತಯಾರಕರು ಬೇರೆಯಾಗಿ ಮಾತ್ರೆಯ ಬಣ್ಣ ಬದಲಾಗಿರುತ್ತದೆ. ಓದಲು ಬಾರದ ನಮ್ಮ ದೊಡ್ಡಪ್ಪ ‘ಮುಂಜಾನಿ ಬಿಳೇದು, ರಾತ್ರಿ ಗುಲಾಬಿ’ ಎಂದು ಬಣ್ಣದಿಂದಲೇ ಗುರುತಿಡುವವರು. ಗುಲಾಬಿಯದು ಹಳದಿಯಾಗಿ ಬಂದ ತಿಂಗಳು ಅದನ್ನು ಮುಟ್ಟಲೇ ಇಲ್ಲ.

2025ರ ಮೇ ತಿಂಗಳಲ್ಲಿ ಸರ್ಕಾರಿ ಆಸ್ಪತ್ರೆಗಳ ಆವರಣದ ಜನೌಷಧಿ ಕೇಂದ್ರಗಳನ್ನು ಮುಚ್ಚಲು ರಾಜ್ಯ ಸರ್ಕಾರ ಆದೇಶಿಸಿತು. ಹೈಕೋರ್ಟಿನ ಧಾರವಾಡ ಪೀಠ ಅದಕ್ಕೆ ತಡೆ ಕೊಟ್ಟಿತು. ಆಸ್ಪತ್ರೆಯಲ್ಲೇ ಉಚಿತವಾಗಿ ಕೊಡುತ್ತೇವೆ ಎಂಬುದು ಸರ್ಕಾರದ ವಾದ. ಕೊಟ್ಟರೆ ಒಳ್ಳೆಯದೇ.

ನನ್ನದೂ ಒಂದು ಪ್ರಶ್ನೆ. ಅಗ್ಗದ ಮೆಟ್‌ಫಾರ್ಮಿನ್ ಎಸ್.ಆರ್. ಕರಗದೆ ಇಡೀ ಮಾತ್ರೆಯೇ ಮಲದಲ್ಲಿ ಬೀಳುತ್ತದೆಂದು ನೆರೆಯವರೊಬ್ಬರು ಖಡಾಖಂಡಿತವಾಗಿ ಹೇಳುತ್ತಾರೆ. ನಿಜವೇ?

ನವನಗರ ಫಾರ್ಮಾಸಿಸ್ಟ್ (ಬಾಗಲಕೋಟೆ)

ಬೀಳುವುದು ಖಾಲಿ ಕವಚ. ಎಸ್.ಆರ್. ಮಾತ್ರೆ ನೀರು ಹೀರಿ ಜೆಲ್ಲಿನಂತೆ ಉಬ್ಬಿಕೊಂಡು ತನ್ನೊಳಗಿನ ಔಷಧವನ್ನು ಹಲವು ಗಂಟೆಗಳ ಕಾಲ ಸೋರಿಸುತ್ತದೆ, ಔಷಧ ಖಾಲಿಯಾದ ಮೇಲೂ ಮೆತ್ತನೆಯ ಆಕಾರ ಉಳಿಯುತ್ತದೆ. ದುಬಾರಿ ಬ್ರ್ಯಾಂಡಿನಲ್ಲೂ ಹೀಗೆಯೇ ಆಗುತ್ತದೆ. ಆದರೆ ಅದನ್ನು ಕಂಡು ಹೆದರಿ, ಬೇಗ ಕರಗಲೆಂದು ಮಾತ್ರೆಯನ್ನು ಮುರಿದೋ ಪುಡಿ ಮಾಡಿಯೋ ನುಂಗುವವರಿದ್ದಾರೆ. ಹಾಗೆ ಮಾಡಿದರೆ ದಿನದ ಔಷಧವೆಲ್ಲ ಒಮ್ಮೆಗೇ ಒಳಗೆ ಬೀಳುತ್ತದೆ.

ಬಣ್ಣದ ಮಾತು ಸಣ್ಣದಲ್ಲ. ಅಮೆರಿಕದಲ್ಲಿ ಹೃದಯಾಘಾತವಾದವರ ಬಗ್ಗೆ 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮಾತ್ರೆಯ ಬಣ್ಣ ಬದಲಾದಾಗ ಔಷಧ ನಿಲ್ಲಿಸಿಬಿಡುವ ಸಾಧ್ಯತೆ ಶೇ. 34ರಷ್ಟು, ಆಕಾರ ಬದಲಾದಾಗ ಶೇ. 66ರಷ್ಟು ಹೆಚ್ಚಿತ್ತು. ದೊಡ್ಡಪ್ಪನವರಿಗೆ ಹೊಸ ಮಾತ್ರೆಯನ್ನು ಹಳೆಯ ಖಾಲಿ ಸ್ಟ್ರಿಪ್ಪಿನ ಪಕ್ಕದಲ್ಲಿಟ್ಟು ತೋರಿಸಿ ಕೊಡುವಂತೆ ಅಂಗಡಿಯವರಿಗೆ ಹೇಳಿ. ಅದಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಎಂ.ಡಿ. ವೈದ್ಯ (ವಿಜಯಪುರ)

ಬೋಧಕರ ಒಂದು ಮಾತನ್ನು ಒಪ್ಪುತ್ತೇನೆ: ದೊಡ್ಡ ಹೆಸರೇ ಪುರಾವೆಯಲ್ಲ. ಆದರೆ ಪುರಾವೆ ಸಿಗದ ಕಡೆ ನಾನು ಅನುಭವವನ್ನೇ ಆಶ್ರಯಿಸಬೇಕಾಗುತ್ತದೆ. ನೂರಾರು ರೋಗಿಗಳಲ್ಲಿ ಬಿಪಿ ಇಳಿಸಿದ್ದನ್ನು ಕಂಡ ಮಾತ್ರೆಯನ್ನು ಬರೆಯುತ್ತೇನೆ. ಆ ನಿಲುವನ್ನು ಬಿಡುವುದಿಲ್ಲ. ಹಾಗೆಂದು ರೋಗಿಯೇ ಬಂದು ‘ದುಡ್ಡಿಗೆ ಅಡಚಣೆಯಿದೆ, ಜನೌಷಧಿಯಿಂದ ತರುತ್ತೇನೆ’ ಎಂದರೆ ಮೂಲ ಹೆಸರು ಬರೆದುಕೊಟ್ಟು, ತಿಂಗಳ ನಂತರ ಬಿಪಿ ತೋರಿಸಿ ಎನ್ನುತ್ತೇನೆ. ದುಬಾರಿಯಾಯಿತೆಂದು ದಿನ ಬಿಟ್ಟು ದಿನ ಮಾತ್ರೆ ನುಂಗುವವರನ್ನು ವಾರವೂ ನೋಡುತ್ತೇನೆ. ಅದಕ್ಕಿಂತ ಯಾವ ಜನೆರಿಕ್ಕಾದರೂ ಮೇಲು.

ಡೋಣಿದಂಡೆಯವರು ಮೂರನ್ನೂ ಒಮ್ಮೆಗೇ ಬದಲಿಸುವುದು ಬೇಡ. ಬಿಪಿ ಏರಿದರೆ, ಸುಸ್ತಾದರೆ ಯಾವುದರಿಂದ ಎಂದು ತಿಳಿಯುವುದಿಲ್ಲ. ಮೊದಲು ಟೆಲ್ಮಿಸಾರ್ಟನ್ ಬದಲಿಸಿ, ಮನೆಯಲ್ಲೇ ಬಿಪಿ ಅಳೆದು ಬರೆದಿಡಿ. ಆಮೇಲೆ ಮೆಟ್‌ಫಾರ್ಮಿನ್, ಅದಕ್ಕೆ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಸಾಕು. ಥೈರಾಯ್ಡ್ ಮಾತ್ರೆಯಲ್ಲಿ ಉಳಿಯುವ ದುಡ್ಡು ದೊಡ್ಡದಲ್ಲ. ಈಗಿರುವುದನ್ನೇ ಮುಂದುವರಿಸಿದರೆ ನಷ್ಟವಿಲ್ಲ.

ಡೋಣಿದಂಡೆ (ವಿಜಯಪುರ)

ಎಲ್ಲರಿಗೂ ಕೃತಜ್ಞತೆಗಳು. ಇಷ್ಟು ಹೇಳಿದ ಮೇಲೆ ಅವ್ವ ಟೆಲ್ಮಿಸಾರ್ಟನ್ ಒಂದಕ್ಕೆ ಒಪ್ಪಿದ್ದಾರೆ, ಅದೂ ನಮ್ಮ ವೈದ್ಯರು ಚೀಟಿ ಬರೆದುಕೊಟ್ಟರೆ ಮಾತ್ರ ಎಂಬ ಷರತ್ತಿನ ಮೇಲೆ. ಅವರು ವಾರದ ಮಾತ್ರೆಗಳನ್ನೆಲ್ಲ ಸ್ಟ್ರಿಪ್ಪಿನಿಂದ ಬಿಡಿಸಿ ಸ್ಟೀಲಿನ ಡಬ್ಬಿಯಲ್ಲಿಟ್ಟುಕೊಳ್ಳುತ್ತಾರೆ. ಅಗ್ಗದ ಮಾತ್ರೆ ನಮ್ಮ ಬೇಸಿಗೆಯಲ್ಲಿ ಬೇಗ ಕೆಡುತ್ತದೆಯೇ ಎಂಬುದೊಂದು ಉಳಿದ ಸಂಶಯ.

ನವನಗರ ಫಾರ್ಮಾಸಿಸ್ಟ್ (ಬಾಗಲಕೋಟೆ)

ಬಿಸಿಲಿಗೆ ಬೆಲೆಯ ಭೇದವಿಲ್ಲ. ಟೆಲ್ಮಿಸಾರ್ಟನ್ ತೇವ ಹೀರುವ ಔಷಧವಾದ್ದರಿಂದಲೇ ಅದನ್ನು ಸಾಮಾನ್ಯವಾಗಿ ಎರಡೂ ಬದಿ ದಪ್ಪ ಅಲ್ಯೂಮಿನಿಯಂ ಇರುವ ಪ್ಯಾಕಿನಲ್ಲಿ ಕೊಡುತ್ತಾರೆ. ನುಂಗುವ ಹೊತ್ತಿಗೇ ಬಿಡಿಸಬೇಕು. ವಾರದ ಡಬ್ಬಿಯೇ ಬೇಕೆಂದರೆ ಬಿಡಿಸದೆ, ಸ್ಟ್ರಿಪ್ಪನ್ನೇ ಕತ್ತರಿಯಿಂದ ಒಂದೊಂದು ಮಾತ್ರೆಯ ತುಂಡು ಮಾಡಿಟ್ಟುಕೊಳ್ಳಲಿ, ಅವಧಿ ಮುಗಿಯುವ ದಿನಾಂಕವಿರುವ ತುಂಡನ್ನು ಕೊನೆಗೆ ಉಳಿಸಿಕೊಳ್ಳಲಿ. ಲಿವೋಥೈರಾಕ್ಸಿನ್ ಬಿಸಿಗೂ ಬೆಳಕಿಗೂ ತೇವಕ್ಕೂ ಸೂಕ್ಷ್ಮ. ಬಾಟಲಿಯಲ್ಲೇ ಇರಲಿ, ಒಲೆಯ ಪಕ್ಕದ ಗೂಡಿನಲ್ಲಿ ಬೇಡ. ಪಾದರಸ 40 ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳಲ್ಲಿ ಔಷಧ ಕೊಂಡು ಸ್ಕೂಟರಿನ ಡಿಕ್ಕಿಯಲ್ಲಿಟ್ಟು ಊರೆಲ್ಲ ಸುತ್ತಬೇಡಿ.

ಮಾತ್ರೆ ಪುಡಿಯಾಗಿದ್ದರೆ, ಬಣ್ಣ ಕಲೆಕಲೆಯಾಗಿದ್ದರೆ ನುಂಗದೆ, ಬ್ಯಾಚ್ ಸಂಖ್ಯೆಯಿರುವ ಬಿಲ್ಲಿನ ಜೊತೆ ಸ್ಟ್ರಿಪ್ಪನ್ನು ಅಂಗಡಿಗೆ ತೋರಿಸಿ. ಅಂಗಡಿಯವರು ಕಿವಿಗೊಡದಿದ್ದರೆ ಜಿಲ್ಲೆಯ ಸಹಾಯಕ ಔಷಧ ನಿಯಂತ್ರಕರ ಕಚೇರಿಗೆ ಬರವಣಿಗೆಯಲ್ಲಿ ದೂರು ಕೊಡಬಹುದು. ಅದಕ್ಕಾಗಿಯಾದರೂ ಬಿಲ್ ಕೇಳಿ ಪಡೆಯಿರಿ. ಬಿಲ್ಲಿಲ್ಲದೆ ರಿಯಾಯಿತಿ ಕೊಡುವ ಅಂಗಡಿಯಿಂದ ನಿತ್ಯದ ಔಷಧ ಕೊಳ್ಳಬೇಡಿ.